ಅಟ್ಟದ ಮೇಲಿನ ಬಂದೂಕು: ಮೊದಲು ನಳಿಗೆ ನೋಡಿ, ಆಮೇಲೆ ಕಾಗದ ಹುಡುಕಿ

ಮುಂಡರಗಿ, ಶಿರಹಟ್ಟಿ ಕಡೆಯ ಹಳೆಯ ಮನೆಗಳನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುವಾಗ ಅಟ್ಟದ ಮೇಲಿಂದ ಏನೇನೋ ಕೆಳಗಿಳಿಯುತ್ತದೆ. ತಾಮ್ರದ ಹಂಡೆ, ಮೋಡಿ ಲಿಪಿಯ ಕಾಗದ, ಕೂರಿಗೆಯ ಬಟ್ಟಲು. ಕೆಲವು ಮನೆಗಳಲ್ಲಿ ಗೋಣಿತಾಟಿನಲ್ಲಿ ಸುತ್ತಿಟ್ಟ ಬಂದೂಕು. ಅಜ್ಜ ಬೆಳೆ ಕಾಯಲು ಇಟ್ಟುಕೊಂಡಿದ್ದ ಕೇಪಿನ ಬಂದೂಕೋ, ಗೌಡರ ಮನೆಯ ಜೋಡುನಳಿಗೆಯೋ ಇರಬಹುದು. ಅದು ಕೈಗೆ ಸಿಕ್ಕ ಗಳಿಗೆಯಿಂದ ಏನು ಮಾಡಬೇಕು ಎಂಬುದೇ ಈ ಬರಹ.

ಮೊದಲ ಕೆಲಸ ಕಾಗದದ್ದಲ್ಲ, ಜೀವದ್ದು. ಹಳೆಯ ಬಂದೂಕು ಖಾಲಿ ಇದೆ ಎಂದು ಯಾರು ಹೇಳಿದರೂ ನಂಬಬೇಡಿ. ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ರಾತ್ರಿ ಹೊಲಕ್ಕೆಂದು ತುಂಬಿ, ಹಾರಿಸದೆ ತಂದು ಮೂಲೆಗಿಡುವುದು ಹಿಂದೆ ರೂಢಿಯಲ್ಲಿತ್ತು. ಕರಿಮದ್ದು ಒಣಗಿದ್ದರೆ ಹತ್ತಾರು ವರ್ಷ ಕಳೆದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಮಕ್ಕಳನ್ನು ಹೊರಗೆ ಕಳಿಸಿ, ನಳಿಗೆಯ ಬಾಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಹಿಂಭಾಗದ ಮೊಲೆಯ ಮೇಲೆ ಕೇಪು ಕೂತಿದೆಯೇ ನೋಡಿ. ಕೂತಿದ್ದರೆ ಅಲ್ಲಿಗೇ ಬಿಡಿ, ಠಾಣೆಗೆ ಫೋನು ಮಾಡಿ. ಇಲ್ಲದಿದ್ದರೆ ಹಗುರಾದ ಬಿದಿರು ಕಡ್ಡಿಯೊಂದನ್ನು ನಳಿಗೆಯೊಳಗೆ ಮೆಲ್ಲನೆ ಇಳಿಸಿ. ಮುಖವಾಗಲಿ ಅಂಗೈಯಾಗಲಿ ಬಾಯಿಗೆ ಎದುರಾಗಬಾರದು. ಕಡ್ಡಿ ನಿಂತ ಕಡೆ, ನಳಿಗೆಯ ಅಂಚಿಗೆ ಸರಿಯಾಗಿ ಗುರುತು ಹಾಕಿ ಹೊರಗೆಳೆಯಿರಿ. ಅದೇ ಕಡ್ಡಿಯನ್ನು ನಳಿಗೆಯ ಹೊರಮೈಗೆ ಒತ್ತಿಟ್ಟು ಅಳೆಯಿರಿ. ತುದಿ ಮೊಲೆಯ ಹತ್ತಿರ ಬಂದರೆ ನಳಿಗೆ ಖಾಲಿ. ಮೂರ್ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಮದ್ದು, ಗುಂಡು ಇವೆ ಎಂದೇ ತಿಳಿಯಿರಿ. ಕಬ್ಬಿಣದ ಸಲಾಕೆಯಿಂದ ಕುಟ್ಟಬೇಡಿ. ಹಾರಿಸಿ ಖಾಲಿ ಮಾಡೋಣ ಎಂಬ ಯೋಚನೆಯಂತೂ ಬೇಡವೇ ಬೇಡ. ತುಕ್ಕು ತಿಂದ ನಳಿಗೆ ಸೀಳಿದರೆ ಮೊದಲು ಹೋಗುವುದು ಹಿಡಿದವನ ಎಡಗೈ.

ಜೋಡುನಳಿಗೆಯದು ಸುಲಭ. ಕೀಲಿ ಸರಿಸಿ ಮಡಚಿದರೆ ತೋಟಾ ಇದ್ದರೆ ಕಾಣುತ್ತದೆ. ಕೀಲಿ ಬಿಗಿದಿದ್ದರೆ ಸುತ್ತಿಗೆ ಮುಟ್ಟಬೇಡಿ, ತುಂಬಿದ ಬಂದೂಕೆಂದೇ ಎಣಿಸಿ.

ಇನ್ನು ಕಾಗದ. ಲೈಸನ್ಸ್ ಪುಸ್ತಕ ಸಾಮಾನ್ಯವಾಗಿ ಹೊಲದ ಉತಾರ, ಸಾಲದ ಚೀಟಿಗಳ ಗಂಟಿನಲ್ಲೇ ಇರುತ್ತದೆ. ಸಿಕ್ಕರೆ ಮೂರು ಸಂಗತಿ ನೋಡಿ: ಯಾರ ಹೆಸರು, ಯಾವ ತಾರೀಖಿನವರೆಗೆ, ಬಂದೂಕಿನ ಮೇಲೆ ಕೊರೆದ ನಂಬರು ಪುಸ್ತಕದ ನಂಬರಿಗೆ ತಾಳೆಯಾಗುತ್ತದೆಯೇ. ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಧಾರವಾಡ ಜಿಲ್ಲೆ ಎಂದಿರುತ್ತದೆ. ಲಕ್ಷ್ಮೇಶ್ವರ ತಾಲ್ಲೂಕು ಆಗಿ ಬೇರ್ಪಟ್ಟದ್ದು ಇತ್ತೀಚೆಗೆ, ಅಲ್ಲಿಯವರ ವಿಳಾಸ ಇನ್ನೂ ಶಿರಹಟ್ಟಿ ತಾಲ್ಲೂಕಿನದೇ ಇರಬಹುದು. ನವೀಕರಣಕ್ಕೆ ಹೋದಾಗ ಇದನ್ನೂ ತಿದ್ದಿಸಿಕೊಳ್ಳಿ. ಸ್ವಾತಂತ್ರ್ಯಕ್ಕೆ ಮುಂಚೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿತ್ತು. ಆ ದರಬಾರಿನ ಮುದ್ರೆಯ ಪತ್ರ ಮನೆಯಲ್ಲಿದ್ದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಅದು ಇವತ್ತು ಲೈಸನ್ಸ್ ಅಲ್ಲ.

ಲೈಸನ್ಸ್ ಹೊಂದಿದವರು ತೀರಿಕೊಂಡಿದ್ದರೆ ಅಥವಾ ಅವಧಿ ಮುಗಿದಿದ್ದರೆ ಆ ಬಂದೂಕು ಮನೆಯಲ್ಲಿರುವುದೇ ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೆಯ ಕಲಂ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗಾಗಲಿ ಲೈಸನ್ಸ್ ಇರುವ ಬಂದೂಕು ವ್ಯಾಪಾರಿಗಾಗಲಿ ಒಪ್ಪಿಸಬೇಕು. ಹಾಗೆಂದು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಬೇಡಿ. ಮೊದಲು ಠಾಣೆಗೆ ತಿಳಿಸಿ, ಒಂದು ಅರ್ಜಿ ಬರೆಯಿರಿ, ಅವರು ಹೇಳಿದಂತೆ ಮಾಡಿ. ಒಪ್ಪಿಸಿದ ಮೇಲೆ ರಸೀದಿ ಕೇಳಿ ಪಡೆಯಿರಿ. ಅದರಲ್ಲಿ ಬಂದೂಕಿನ ಜಾತಿ, ನಂಬರು, ತೋಟಾಗಳ ಲೆಕ್ಕ ಇರಲಿ. ನಾಳೆ ನಿಮ್ಮ ಹೆಸರಿಗೆ ಲೈಸನ್ಸ್ ಆದಾಗ ಬಿಡಿಸಿಕೊಳ್ಳಲು ಆಧಾರ ಅದೊಂದೇ. ಗೊತ್ತುಪಡಿಸಿದ ಅವಧಿಯಲ್ಲಿ ಬಿಡಿಸಿಕೊಳ್ಳದಿದ್ದರೆ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಒಪ್ಪಿಸಲು ಹೆದರಿ ಹಗೇವಿನಲ್ಲಿ ಹುಗಿಯುವವರಿದ್ದಾರೆ. ಅವರಿಗೆ ಕೈಮುಗಿದು ಹೇಳುತ್ತೇನೆ: ತಾವಾಗಿ ಒಪ್ಪಿಸಿದವರ ಪರಿಸ್ಥಿತಿ ಬೇರೆ, ಪೊಲೀಸರು ಬಂದು ಹುಡುಕಿ ತೆಗೆದವರ ಪರಿಸ್ಥಿತಿ ಬೇರೆ.

ವಾರಸುದಾರರಾಗಿ ಲೈಸನ್ಸ್ ಕೇಳುವ ದಾರಿ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. ಲೈಸನ್ಸುದಾರರು ತೀರಿಕೊಂಡ ಮೇಲಷ್ಟೇ ಅಲ್ಲ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಬಂದೂಕು 25 ವರ್ಷ ಅವರಲ್ಲಿದ್ದಾಗ, ಯಾವುದು ಮೊದಲೋ ಆಗ, ಅವರು ಹೇಳಿದ ವಾರಸುದಾರ ಅರ್ಜಿ ಹಾಕಬಹುದು. ಅಪ್ಪ ಇರುವಾಗಲೇ ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು, ಅಣ್ಣತಮ್ಮಂದಿರ ತಕರಾರು ಅರ್ಧ ಅಲ್ಲೇ ತೀರುತ್ತದೆ. ನಮ್ಮಲ್ಲಿ ಲೈಸನ್ಸ್ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳದ್ದು, ಪೊಲೀಸ್ ವರದಿ ಬಂದ ಮೇಲೆ ತೀರ್ಮಾನ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ಹಳೆಯ ಪುಸ್ತಕ, ಠಾಣೆಯ ರಸೀದಿ, ಆಧಾರ್, ವೈದ್ಯರ ಪ್ರಮಾಣಪತ್ರ, ಬಂದೂಕು ಸುರಕ್ಷಿತವಾಗಿ ಬಳಸುವ ತರಬೇತಿಯ ಪತ್ರ, ಬೆಳೆ ರಕ್ಷಣೆಗಾದರೆ ಪಹಣಿ ಜೋಡಿಸಿಕೊಳ್ಳಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಹಿಂದೆ ಮೂರು ಇರಬಹುದಿತ್ತು. ಲೈಸನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಪುಸ್ತಕದಲ್ಲಿ ರಾಷ್ಟ್ರೀಯ ದತ್ತಾಂಶದ ಗುರುತಿನ ಸಂಖ್ಯೆ ಇಲ್ಲದಿದ್ದರೆ ಅದು ನಡೆಯುವುದಿಲ್ಲ. ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಅರ್ಜಿ ಕೊಡಿ.

ಕೊಡಗಿನ ಮಾತು ತೆಗೆಯುವವರು ಬಹಳ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಆ ಜಿಲ್ಲೆಗೇ ಸೀಮಿತ. ಗದಗಿಗೆ ಅನ್ವಯಿಸುವುದಿಲ್ಲ. ನಮ್ಮ ನೆಲದ ಕಥೆ ಬೇರೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಬಂದಾಗ ಹಲಗಲಿಯ ಬೇಡರು ಆಯುಧ ಒಪ್ಪಿಸದೆ ಸತ್ತರು. ಮರುವರ್ಷ ಮುಂಡರಗಿ ಭೀಮರಾಯರು ಡಂಬಳದ ಖಜಾನೆಗೆ ಕೈಹಾಕಿ, ಕೊಪ್ಪಳದ ಕೋಟೆಯಲ್ಲಿ ಮಡಿದರು. ಆ ಕಾಯ್ದೆ ಪರರದ್ದು. 1959ರದ್ದು ನಾವೇ ಆರಿಸಿದ ಸಂಸತ್ತಿನದು. ಈ ವ್ಯತ್ಯಾಸವನ್ನು ಹುಡುಗರಿಗೆ ಹೇಳಬೇಕು.

ಹುಡುಗರ ಮಾತು ಬಂತು. ಮೊಬೈಲಿನಲ್ಲಿ ಹೊರದೇಶದ ವಿಡಿಯೊ ನೋಡಿ, ಸೆಮಿ ಆಟೊಮ್ಯಾಟಿಕ್ ರೈಫಲ್ಲಿನ ಮುಂಗೈ ಹಿಡಿಕೆ ಬದಲಿಸುವುದು, ಗ್ಯಾಸ್ ಹೋಗುವ ದಾರಿಯನ್ನು ತಿದ್ದುವುದು ಇವೆಲ್ಲ ನಮ್ಮ ಬಂದೂಕಿಗೂ ಆಗುತ್ತದೆಯೇ ಎಂದು ಕೇಳುತ್ತಾರೆ. ಅಂಥ ರೈಫಲ್ಲುಗಳಲ್ಲಿ ಹಲವು, ಗುಂಡನ್ನು ತಳ್ಳಿದ ಹೊಗೆಯ ಒಂದು ಪಾಲನ್ನು ನಳಿಗೆಯ ಸಣ್ಣ ತೂತಿನಿಂದ ಹಿಂದಕ್ಕೆ ತಿರುಗಿಸಿ, ಖಾಲಿ ತೋಟಾ ಎಸೆದು ಮುಂದಿನದನ್ನು ತಾವೇ ತುಂಬಿಕೊಳ್ಳುತ್ತವೆ. ನಮ್ಮ ಕೇಪಿನ ಬಂದೂಕಿನಲ್ಲಾಗಲಿ ಜೋಡುನಳಿಗೆಯಲ್ಲಾಗಲಿ ಆ ಏರ್ಪಾಡೇ ಇಲ್ಲ. ಸೆಮಿ ಆಟೊಮ್ಯಾಟಿಕ್ ರೈಫಲ್ ನಮ್ಮ ನಿಯಮಗಳಲ್ಲಿ ನಿಷೇಧಿತ ವರ್ಗದ್ದು, ಜಿಲ್ಲಾಧಿಕಾರಿಗಳು ಅದಕ್ಕೆ ಲೈಸನ್ಸ್ ಕೊಡಲು ಬರುವುದಿಲ್ಲ.

ಇರುವ ಬಂದೂಕನ್ನೂ ತಿದ್ದುವಂತಿಲ್ಲ. ಲೈಸನ್ಸ್ ಇಲ್ಲದೆ ಬಂದೂಕು ರಿಪೇರಿ ಮಾಡುವುದನ್ನೂ ರೂಪ ಬದಲಿಸುವುದನ್ನೂ 5ನೆಯ ಕಲಂ ತಡೆಯುತ್ತದೆ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು 6ನೆಯ ಕಲಮಿಗೆ ವಿರುದ್ಧ. 2019ರ ನಂತರ ಇವಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಊರ ಕಮ್ಮಾರನ ಹತ್ತಿರ ಒಯ್ದರೆ ಒಯ್ದವರ ಜೊತೆ ಆ ಬಡಪಾಯಿಯೂ ಸಿಕ್ಕಿಬೀಳುತ್ತಾನೆ. ಮರದ ಹಿಡಿ ಸೀಳಿದ್ದರೂ ಲೈಸನ್ಸ್ ಇರುವ ಬಂದೂಕು ರಿಪೇರಿಯವರಲ್ಲೇ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ನೀವೇ ಮಾಡಬಹುದಾದದ್ದು ಶುಚಿ ಮಾತ್ರ. ಕರಿಮದ್ದಿನ ಮಸಿ ತೇವ ಎಳೆಯುತ್ತದೆ. ಹಾರಿಸಿದ ದಿನವೇ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ. ತೋಟಾದ ವಿಷಯದಲ್ಲಿ ಎಚ್ಚರ: ಹಳೆಯ 12 ಬೋರಿನ ಎಷ್ಟೋ ಬಂದೂಕುಗಳು 65 ಮಿಲಿಮೀಟರ್ ತೋಟಾಕ್ಕೆ ಮಾಡಿದವು. ಈಗಿನ 70 ಮಿಲಿಮೀಟರಿನದು ಒಳಗೆ ಕೂರುತ್ತದೆ, ಆದರೆ ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲಿನ ಅಳತೆ ಓದದೆ ತೋಟಾ ಕೊಳ್ಳಬೇಡಿ.

ಕಪ್ಪತಗುಡ್ಡದ ಸುತ್ತಲಿನವರು ಮುಂದಿನದನ್ನು ಎರಡು ಸಲ ಓದಬೇಕು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಹಬ್ಬಿದ ಈ ಗುಡ್ಡದ ಸುಮಾರು 244 ಚದರ ಕಿಲೋಮೀಟರ್ 2019ರಲ್ಲಿ ವನ್ಯಜೀವಿಧಾಮವಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೆಯ ಕಲಂ ಪ್ರಕಾರ ಧಾಮದ ಒಳಗೆ ಅಥವಾ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಲೈಸನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ಹತ್ತು ಕಿಲೋಮೀಟರಿನಲ್ಲಿ ಹೊಸ ಲೈಸನ್ಸ್ ಬೇಕೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಅರ್ಜಿ ವರ್ಷಗಟ್ಟಲೆ ನಿಂತುಹೋದರೆ ಕಾರಣ ಇಲ್ಲಿಯೂ ಇರಬಹುದು. ಗದಗಿನ ಜಿಲ್ಲಾಧಿಕಾರಿ ಕಚೇರಿಗೆ ಅಲೆಯುವ ಮುನ್ನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಹೆಸರು ಮೊಳಕೆಯೊಡೆದ ಹೊತ್ತಿಗೆ ಜಿಂಕೆ ಹಿಂಡು ನುಗ್ಗಿ ಹೊಲ ಬೋಳಾದಾಗ ರೈತನ ಹೊಟ್ಟೆ ಉರಿಯುವುದು ನಿಜ. ನಾನು ಆ ಹೊಲಗಳ ಬದುವಿನಲ್ಲಿ ನಿಂತು ನೋಡಿದವನು. ಆದರೆ ಬೆಳೆ ರಕ್ಷಣೆಯ ಲೈಸನ್ಸ್ ಬೇಟೆಯ ಪರವಾನಗಿಯಲ್ಲ. ನಾವು ಜಿಂಕೆ ಎನ್ನುವ ಕೃಷ್ಣಮೃಗ ಒಂದನೆಯ ಅನುಸೂಚಿಯ ಪ್ರಾಣಿ, ಕೊಂದರೆ ಮೂರರಿಂದ ಏಳು ವರ್ಷ ಜೈಲು. ಕಾಡುಹಂದಿಗೂ ಅರಣ್ಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಶೇಂಗಾ ಹೊಲಕ್ಕಿಳಿದರೂ ಹಾಗೆಯೇ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿ ಸೇರಿದೆ. ಹಾನಿಯಾದ ದಿನವೇ ಫೋಟೊ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಮದುವೆ, ಮೆರವಣಿಗೆ, ಜಾತ್ರೆಗಳಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಎಂದು ನೋಟಿಸು ಬಂದರೆ ಒಪ್ಪಿಸಿ, ರಸೀದಿ ಪಡೆಯಿರಿ. ಮನೆಯಲ್ಲಿ ಬಂದೂಕು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ.

ಅಟ್ಟದ ಮೇಲೆ ಗೋಣಿತಾಟಿನ ಗಂಟೊಂದಿದೆ ಎಂದು ಗೊತ್ತಿರುವವರು ಮುಂದಿನ ಅಮಾವಾಸ್ಯೆಗೆ ಕಾಯಬೇಡಿ. ನಾಳೆ ಬೆಳಿಗ್ಗೆ ಮಕ್ಕಳು ಶಾಲೆಗೆ ಹೋದ ಮೇಲೆ ನಳಿಗೆ ನೋಡಿ, ಪುಸ್ತಕದ ತಾರೀಖು ನೋಡಿ, ಠಾಣೆಗೆ ಒಂದು ಫೋನು ಮಾಡಿ.