ಮುಚ್ಚಿದ ನಾಣ್ಯಪೊಟ್ಟಣದ ವ್ಯಾಪಾರ

ಇಂಡಿಯ ಲಿಂಬೆಯನ್ನಾಗಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತೊಗರಿಯನ್ನಾಗಲಿ ಚೀಲ ಬಿಚ್ಚಿ ನೋಡದೆ ನೀವು ಕೊಳ್ಳುವುದಿಲ್ಲ. ಆದರೆ ಮೊಬೈಲಿನಲ್ಲಿ ‘ಯಾರೂ ಬಿಚ್ಚಿ ನೋಡದ ಹಳೆಯ ನಾಣ್ಯಗಳ ಪೊಟ್ಟಣ, ಒಳಗೆ ಅಪರೂಪದ್ದು ಇರಬಹುದು’ ಎಂದು ಕಂಡೊಡನೆ ಆ ಎಚ್ಚರ ಎಲ್ಲಿ ಹೋಗುತ್ತದೆ?

ಇಲ್ಲಿ ಮಾರಾಟವಾಗುವುದು ನಾಣ್ಯವಲ್ಲ, ‘ಇರಬಹುದು’ ಎಂಬ ಆಸೆ. ಬೆಲೆ ಬಲ್ಲ ಮಾರಾಟಗಾರ ಅಪರೂಪದ್ದನ್ನು ಮೊದಲೇ ಆರಿಸಿಕೊಳ್ಳದೆ ಬಿಟ್ಟಾನೆಯೇ?

ಸರಕೇನೆಂದು ತಿಳಿಯದ ಇಂಥ ವ್ಯಾಪಾರಕ್ಕೆ ಶರೀಅತ್‌ನಲ್ಲಿ ‘ಘರರ್’ ಎನ್ನುತ್ತಾರೆ. ಪ್ರವಾದಿವರ್ಯರು(ಸ) ಅದನ್ನು ನಿಷೇಧಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮೇಲೆ ಒಣ ಧಾನ್ಯ ತೋರಿಸಿ ಒಳಗೆ ತೇವದ ಧಾನ್ಯವಿಟ್ಟವನ ರಾಶಿಯಲ್ಲಿ ಕೈಯಿಟ್ಟು ನೋಡಿ, ವಂಚಕನು ನಮ್ಮವನಲ್ಲವೆಂದು ಎಚ್ಚರಿಸಿದ್ದೂ ಅಲ್ಲಿಯೇ ಇದೆ. ಅದೃಷ್ಟ ನಂಬಿ ಹಣ ಹೂಡುವ ಜೂಜನ್ನು ಪವಿತ್ರ ಕುರ್‌ಆನ್ (5:90) ಮದ್ಯದ ಜೊತೆಗೇ ನಿಷೇಧಿಸಿದೆ.

ಹಳೆಯ ನಾಣ್ಯ ಕೊಳ್ಳುವುದೇ ತಪ್ಪೆಂದಲ್ಲ. ಯಾವ ನಾಣ್ಯ, ಎಷ್ಟು ಬೆಲೆ ಎಂದು ನೋಡಿ ನಿಶ್ಚಯಿಸಿ ಕೊಳ್ಳಿರಿ. ಚಲಾವಣೆಯ ನಾಣ್ಯಕ್ಕೆ ಮುಖಬೆಲೆಗಿಂತ ಹೆಚ್ಚು ಕೊಡುವುದಾದರೆ ಬಡ್ಡಿಯ ಪ್ರಶ್ನೆಯೂ ಏಳುತ್ತದೆ; ಆಲಿಮರನ್ನು ಕೇಳಿರಿ. ಹಳೆಯ ನಾಣ್ಯಗಳ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೀಳುವವರ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಮನೆಯ ರೊಟ್ಟಿಯ ಹಣವನ್ನು ಮುಚ್ಚಿದ ಪೊಟ್ಟಣಕ್ಕೆ ಸುರಿಯದಂತೆ ನಿಮ್ಮ ಮಕ್ಕಳಿಗೂ ತಿಳಿಹೇಳಿರಿ. ಅಲ್ಲಾಹನು ಹಲಾಲ್ ಸಂಪಾದನೆಯಲ್ಲಿ ಬರಕತ್ ದಯಪಾಲಿಸಲಿ, ಆಮೀನ್.