ದೋಣಿ ಹತ್ತುವ ಮೊದಲು ಮನೆಯಲ್ಲಿ ಹೇಳಿ

ಪ್ರಶ್ನೆ: ನಾನು ಮಿರಜದವನು, ವಯಸ್ಸು 48, ಮನೆಮಾತು ಕನ್ನಡ. ಸ್ವಂತ ಹಾರ್ಡ್‌ವೇರ್ ಅಂಗಡಿ ಇದೆ. ಸಣ್ಣವನಿದ್ದಾಗಿನಿಂದಲೂ ಹರಿಪುರದಲ್ಲಿ ಕೃಷ್ಣಾ–ವಾರಣಾ ಸಂಗಮದ ದಂಡೆಗೆ ಗಾಳ ಹಾಕಿ ಕೂರುವ ಚಟ. ವ್ಯಾಂಕೂವರ್‌ನಲ್ಲಿರುವ ಚಿಕ್ಕಪ್ಪನ ಮಗ, ವಸಂತ ಋತು ಬಂತೆಂದರೆ ದೋಣಿ ಬಾಡಿಗೆ ಹಿಡಿದು, ಸಾಲ್ಮನ್, ಹಾಲಿಬಟ್ ಎತ್ತಿಕೊಂಡು ನಿಂತ ಫೋಟೋ ಕಳಿಸುತ್ತಾನೆ. ಒಮ್ಮೆಯಾದರೂ ಸಮುದ್ರದಲ್ಲಿ ಮೀನು ಹಿಡಿಯಬೇಕು ಎಂಬ ಆಸೆ ನನಗೆ ಹತ್ತಿದ್ದು ಹಾಗೆ. ಮಗ ಈ ಸಲ ಹತ್ತನೆಯ ಪರೀಕ್ಷೆ ಬರೆದಿದ್ದಾನೆ, ಅವನಿಗೂ ಮಾತು ಕೊಟ್ಟಿದ್ದೇನೆ. ಪಾಡವಾ (ಯುಗಾದಿ) ರಜೆಗೆ ಮೂವರು ಗೆಳೆಯರೊಂದಿಗೆ ಕಾರು ಮಾಡಿಕೊಂಡು ಮಾಲವಣಕ್ಕೋ ಕಾರವಾರಕ್ಕೋ ಹೋಗಿ ರಾವಸ ಮೀನು ಹಿಡಿಯುವ ವಿಚಾರವಿದೆ. ಆದರೆ ಹೆಂಡತಿ ಸುತರಾಂ ಒಲ್ಲೆ ಅನ್ನುತ್ತಾಳೆ. ಆಕೆಯ ತವರು ಪಲೂಸ ತಾಲೂಕು. ಅಲ್ಲಿಯ ಬ್ರಹ್ಮನಾಳದ ದೋಣಿ ಮುಳುಗಿದ ಮೇಲೆ ದೋಣಿಯ ಮಾತು ಎತ್ತಿದರೆ ಸಾಕು, ಆ ಹೊತ್ತು ಊಟ ಬಿಡುತ್ತಾಳೆ. ಗೆಳೆಯರು, ‘ಗಣಪತಿಪುಳೆ ದರ್ಶನಕ್ಕ ಹೊಂಟೀವಿ ಅಂತ ಹೇಳು, ಬಂದ ಮ್ಯಾಲ ಎಲ್ಲಾ ಸರಿ ಹೋಗ್ತದ’ ಅನ್ನುತ್ತಾರೆ. ನನಗೂ ಮಗನಿಗೂ ಈಜು ಬರುತ್ತದೆ. ಸುಳ್ಳು ಹೇಳಲು ಮನಸ್ಸಿಲ್ಲ, ಆಸೆ ಬಿಡಲೂ ಮನಸ್ಸಿಲ್ಲ. ಏನು ಮಾಡಲಿ?
– ಓದುಗ, ಮಿರಜ

ಉತ್ತರ: ಗಣಪತಿಪುಳೆಯ ನೆಪವನ್ನು ಇವತ್ತೇ ಕೈಬಿಡಿ. ನೀತಿಯ ಮಾತು ಒತ್ತಟ್ಟಿಗಿರಲಿ, ಆ ಸುಳ್ಳಿನಲ್ಲಿ ಜೀವಕ್ಕೇ ಅಪಾಯವಿದೆ. ಸಮುದ್ರಕ್ಕೆ ಇಳಿದವರ ಪೂರ್ತಿ ಲೆಕ್ಕ ದಡದ ಮೇಲೆ ಒಬ್ಬರ ಹತ್ತಿರ ಇರಬೇಕು. ಯಾವ ಊರಿನ ಜೆಟ್ಟಿ, ಯಾವ ದೋಣಿ, ತಾಂಡೇಲನ (ದೋಣಿ ನಡೆಸುವವನ) ಫೋನ್ ನಂಬರ್ ಏನು, ಎಷ್ಟು ಜನ ಹತ್ತಿದ್ದಾರೆ, ಎಷ್ಟು ಗಂಟೆಗೆ ವಾಪಸು ಎಂಬುದೆಲ್ಲ ಅವರಿಗೆ ಗೊತ್ತಿರಬೇಕು. ಹೇಳಿದ ಹೊತ್ತಿಗೆ ನೀವು ಬರದಿದ್ದರೆ ತಾಂಡೇಲನ ಮನೆಗೆ, ಅಲ್ಲಿಂದ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡುವವರು ಅವರೇ. ನಿಮ್ಮ ದೋಣಿಯ ಎಂಜಿನ್ ಮಾಲವಣದ ಹತ್ತಿರದ ದೇವಬಾಗದ ಆಚೆ ಕೆಟ್ಟು ನಿಂತಾಗ, ನೀವು ಗಣಪತಿಪುಳೆಯಲ್ಲಿ ಆರತಿಗೆ ನಿಂತಿದ್ದೀರಿ ಎಂದು ಪತ್ನಿ ನಂಬಿಕೊಂಡಿದ್ದರೆ ಹುಡುಕುವವರು ಯಾರು? ಈ ದಡದ ಕೆಲಸಕ್ಕೆ ನಿಮಗೆ ಸಿಗುವ ಎಲ್ಲರಿಗಿಂತ ಯೋಗ್ಯರು ಅವರೇ. ನಿಮ್ಮ ಗೆಳೆಯರು ಆ ಒಬ್ಬರನ್ನೇ ಕತ್ತಲಲ್ಲಿಡಿ ಎನ್ನುತ್ತಿದ್ದಾರೆ.

ಇನ್ನು ಪತ್ನಿಯ ಹೆದರಿಕೆ. 2019ರ ಆಗಸ್ಟ್‌ನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣಾ ಹೊಳೆ 57 ಅಡಿ ದಾಟಿತ್ತು. ಅಲ್ಲಿ ಅಪಾಯದ ಮಟ್ಟವೇ 45 ಅಡಿ. ಆ ಮಹಾಪೂರದಿಂದ ಪಾರಾಗಲು ಬ್ರಹ್ಮನಾಳದ ಜನ ಹತ್ತಿದ ದೋಣಿಯೇ ಆಗಸ್ಟ್ 8ರಂದು ಮಗುಚಿತು. ಅದೇ ವರ್ಷ ಜನವರಿ 21ರಂದು ಕಾರವಾರದ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ನಿಮ್ಮ ಹಾಗೆಯೇ ಒಳನಾಡಿನಿಂದ ಹೋದವರು. 2022ರ ಮೇ 24ರಂದು ತಾರಕರ್ಲಿಯಲ್ಲಿ ಪ್ರವಾಸಿಗರ ದೋಣಿ ಮಗುಚಿ ಇಬ್ಬರು ಹೋದರು. ಇಂಥ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಎರಡು: ಮಿತಿ ಮೀರಿ ಹತ್ತಿಸಿಕೊಂಡ ಜನ, ಮೈಮೇಲೆ ಇಲ್ಲದ ಲೈಫ್ ಜಾಕೆಟ್. ಎರಡೂ ನಿಮ್ಮ ಕೈಯಲ್ಲಿರುವಂಥವು. ಹೀಗಾಗಿ ಪತ್ನಿಯ ಭಯದ ಜೊತೆ ವಾದಕ್ಕಿಳಿಯಬೇಡಿ. ಅವರು ಕೇಳುವ ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಒಂದೊಂದಕ್ಕೂ ಉತ್ತರ ತನ್ನಿ. ನಿಮ್ಮ ಪ್ರವಾಸದ ತಯಾರಿ ಪಟ್ಟಿ ಅದೇ ಆಗುತ್ತದೆ. ಅದರಲ್ಲಿ ಏನೇನಿರಬೇಕೆಂದು ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಮೀನಿನ ಮಾತು. ವ್ಯಾಂಕೂವರ್‌ನ ಸಾಲ್ಮನ್ ನಮ್ಮ ಕಡಲಲ್ಲಿಲ್ಲ. ಅಲ್ಲಿಯ ಹಾಲಿಬಟ್ ಮೀನಿನ ಉಸ್ತುವಾರಿಗೆ 1923ರಿಂದ ಕೆನಡಾ–ಅಮೆರಿಕ ಕೂಡಿ ನಡೆಸುವ ಆಯೋಗವೇ ಇದೆ. ಲೈಸೆನ್ಸ್ ಬೇಕು, ದಿನಕ್ಕೆ ಇಷ್ಟೇ ಮೀನು, ಇಂತಿಷ್ಟೇ ಉದ್ದ ಎಂಬ ಕಟ್ಟುಪಾಡು ಬೇರೆ. ಫೋಟೋದಲ್ಲಿ ಅವೆಲ್ಲ ಕಾಣುವುದಿಲ್ಲ. ನಮ್ಮ ರಾವಸ ಕಲಕು ನೀರಿನ ಮೀನು. ಅಳಿವೆಯ ಬಾಯಿಯಲ್ಲಿ ಸಿಗಡಿ, ಸಣ್ಣ ಮೀನುಗಳ ಬೆನ್ನು ಹತ್ತಿ ಬರುತ್ತದೆ. ಎದೆಯ ರೆಕ್ಕೆಯ ಕೆಳಗೆ ನೂಲಿನಂಥ ನಾಲ್ಕು ಎಳೆಗಳಿವೆ, ಕಣ್ಣು ಕಾಣದ ನೀರಿನಲ್ಲಿ ಅವುಗಳಿಂದಲೇ ತಡಕುತ್ತದೆ. ಈ ಜಾತಿಯಲ್ಲಿ ಮರಿಗಳು ಮೊದಲು ಗಂಡಾಗಿ ಬೆಳೆದು, ದೊಡ್ಡವಾದ ಮೇಲೆ ಹೆಣ್ಣಾಗುತ್ತವೆ. ಅಂದರೆ ಫೋಟೋಕ್ಕೆ ಒಪ್ಪುವ ದೊಡ್ಡ ರಾವಸ ಮೊಟ್ಟೆ ಇಡುವ ತಾಯಿಯಾಗಿರುವುದೇ ಹೆಚ್ಚು. ಒಂದು ಸಿಕ್ಕರೆ ಸಾಕು ಎಂದು ಗೆಳೆಯರಿಗೆ ಮೊದಲೇ ಹೇಳಿಡಿ. ಹಾಲಿಬಟ್‌ನ ನಮ್ಮ ಕಡೆಯ ನೆಂಟ, ಎರಡೂ ಕಣ್ಣು ಒಂದೇ ಮಗ್ಗುಲಿಗಿರುವ ಚಪ್ಪಟೆ ಮೀನು, ತಳದ ಮರಳಿನಲ್ಲಿ ಹುದುಗಿ ಮಲಗಿರುತ್ತದೆ. ಅದು ಸಿಗುವುದು ಬಹುಪಾಲು ಟ್ರಾಲ್ ಬಲೆಗೆ, ಅದನ್ನು ನಂಬಿ ಗಾಳ ಹಾಕಬೇಡಿ. ತಂಗೂಸಿ ದಾರಕ್ಕೆ ಸೀಸದ ಗುಂಡು, ಗಾಳಕ್ಕೆ ಸಿಗಡಿ ಕಟ್ಟಿ ಬಿಟ್ಟರೆ ಕಾಣೆ, ಶಿಂಗಾಳಾ, ಸಣ್ಣ ಗೋಬರಾ ಬರಬಹುದು. ಏನೂ ಬರದೆಯೂ ಇರಬಹುದು.

ಶಿಂಗಾಳಾ ಬಂದರೆ ಎಚ್ಚರ. ಬೆನ್ನ ಮೇಲೆ ಒಂದು, ಎದೆಯ ಎರಡು ಪಕ್ಕಕ್ಕೆ ಒಂದೊಂದು, ಹೀಗೆ ಮೂರು ಮುಳ್ಳು ಸೆಟೆದು ನಿಂತಿರುತ್ತವೆ. ಅವುಗಳಲ್ಲಿ ವಿಷವಿದೆ. ಹೊಳೆಯ ಮೀನು ಹಿಡಿದ ಅಭ್ಯಾಸದಲ್ಲಿ ಮಗ ಅದಕ್ಕೆ ಕೈ ಹಾಕಿಯಾನು. ಆ ಗಾಳ ಬಿಡಿಸುವ ಕೆಲಸ ತಾಂಡೇಲನಿಗೇ ಬಿಡಿ. ಚುಚ್ಚಿದರೆ, ಚರ್ಮ ತಡೆಯುವಷ್ಟು ಬಿಸಿನೀರಿನಲ್ಲಿ ಕೈ ಅದ್ದಿ ಇಟ್ಟರೆ ನೋವು ಇಳಿಯುತ್ತದೆ. ಆಮೇಲೆ ಡಾಕ್ಟರಿಗೆ ತೋರಿಸಿ.

ತಾರೀಖು ಆರಿಸುವುದಕ್ಕೆ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಪಾಡವಾ ಬರುವುದು ಪಾಡ್ಯದಂದು, ಅಂದರೆ ಅಮಾವಾಸ್ಯೆಯ ಮರುದಿನ. ಆಗ ಉಬ್ಬರ–ಇಳಿತಗಳ ಅಂತರ ದೊಡ್ಡದು, ಕೊಂಕಣದವರು ಉಧಾಣ ಎನ್ನುವುದು ಇದಕ್ಕೇ. ಇಳಿತದ ನೀರು ಹೊಳೆಯ ಬಾಯಿಯಿಂದ ರಭಸವಾಗಿ ಹೊರಗೆ ನುಗ್ಗುವಾಗ ಎದುರಿನಿಂದ ಬರುವ ಅಲೆ ಗೋಡೆಯಂತೆ ಎದ್ದು ಒಡೆಯುತ್ತದೆ. ಅನುಭವ ಇರದವರನ್ನು ಕೂರಿಸಿಕೊಂಡ ಸಣ್ಣ ದೋಣಿಗೆ ಅದು ಬೇಡ. ಅಷ್ಟಮಿ ಕಳೆದು ರಾಮನವಮಿಯ ಆಸುಪಾಸು ಭಾಂಗ ಬರುತ್ತದೆ, ನೀರಿನ ಏರಿಳಿತ ಕಡಿಮೆ. ಹನುಮ ಜಯಂತಿಯ ಹುಣ್ಣಿಮೆಗೆ ಮತ್ತೆ ಉಧಾಣ. ಹೀಗಾಗಿ ಪಾಡವಾ ಮನೆಯಲ್ಲೇ ಮಾಡಿ, ಬೇವು–ಬೆಲ್ಲ ತಿಂದು, ರಾಮನವಮಿಯ ಹೊತ್ತಿಗೆ ಹೊರಡಿ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆ ದಿನದ ಹೊತ್ತನ್ನು ತಾಂಡೇಲನನ್ನು ಕೇಳಿ. ಚೈತ್ರದಲ್ಲಿ ಬೆಳಗ್ಗೆ ಕಡಲು ಶಾಂತ, ಮಧ್ಯಾಹ್ನಕ್ಕೆ ವಾಯವ್ಯದ ಗಾಳಿ ಏಳುತ್ತದೆ. ಸೂರ್ಯ ಹುಟ್ಟುವಾಗ ಹೊರಟು 10–11 ಗಂಟೆಗೆಲ್ಲ ದಡದಲ್ಲಿರಿ.

ಮೇ ತಿಂಗಳಿಗೆ ಮುಂದೂಡಬೇಡಿ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕ, ಕೊಂಕಣ ಕರಾವಳಿಯ ಉದ್ದಕ್ಕೂ ಸಾಗಿ ಗುಜರಾತಿಗೆ ಹೊಡೆದದ್ದು ನೆನಪಿರಬಹುದು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಎರಡೂ ರಾಜ್ಯಗಳಲ್ಲಿ ನಿಷೇಧವಿದೆ. ಇನ್ನೊಂದು ಮಾತು: ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆಗಳು ನಮ್ಮ ದಡಕ್ಕೆ ಬಂದು ಅಪ್ಪಳಿಸುವುದುಂಟು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಹೊರಡುವ ಹಿಂದಿನ ದಿನ, ಹೊರಡುವ ಬೆಳಗ್ಗೆ, ಎರಡು ಸಲ ಅದನ್ನು ನೋಡುವ ಕೆಲಸ ಮಗನಿಗೆ ಕೊಡಿ.

ಊರು ಯಾವುದು? ಮೊದಲ ಸಲಕ್ಕೆ ನನ್ನ ಮತ ತಾರಕರ್ಲಿ–ದೇವಬಾಗಕ್ಕೆ. ಅಲ್ಲಿ ಕರ್ಲಿ ಹೊಳೆ ಕಡಲಿಗೆ ಸೇರುವ ಮುನ್ನ ಉದ್ದಕ್ಕೂ ಶಾಂತವಾದ ಹಿನ್ನೀರಿದೆ. ಮೊದಲ ದಿನ ಅದರೊಳಗೇ ಗಾಳ ಹಾಕಿ. ದೋಣಿ ಅಲುಗಿದರೆ ಯಾರು ಎದ್ದು ನಿಲ್ಲುತ್ತಾರೆ, ಯಾರಿಗೆ ವಾಂತಿ, ಯಾರು ಮಾತು ಕೇಳುವುದಿಲ್ಲ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಎಲ್ಲ ಸರಿ ಕಂಡರೆ ಮಾತ್ರ ಮರುದಿನ ಬೆಳಗ್ಗೆ ಕಡಲು. ಮಾಲವಣದ ಸಿಂಧುದುರ್ಗ ಕೋಟೆಯ ಸುತ್ತಲಿನ ನೀರು 1987ರಲ್ಲೇ ಸಾಗರ ಅಭಯಾರಣ್ಯವಾಗಿದೆ, ಅತ್ತ ಗಾಳ ಒಯ್ಯಬೇಡಿ. ಕಾರವಾರ ಇನ್ನೊಂದು ಸಲಕ್ಕಿರಲಿ. ಅಲ್ಲಿ ಕಾಳಿ ಹೊಳೆಯ ಬಾಯಿ ಚೆಂದವೇ, ಆದರೆ ನೌಕಾನೆಲೆಯ ಕಾರಣ ದೋಣಿ ಹೋಗಬಾರದ ಕಡೆಗಳು ಬಹಳ. ದಾರಿಯ ಬಗ್ಗೆ ಒಂದೇ ಮಾತು: ರಾತ್ರಿಯೆಲ್ಲ ಘಟ್ಟ ಇಳಿದು ನಿದ್ದೆಗೆಟ್ಟು ನೇರ ದೋಣಿಗೆ ಹೋಗಬೇಡಿ. ಹಿಂದಿನ ಮಧ್ಯಾಹ್ನವೇ ತಲುಪಿ, ಮಲಗಿ ಏಳಿ. ರಾತ್ರಿ ಗುಂಡು ಹಾಕಿದವರು ಬೆಳಗ್ಗೆ ದಡದಲ್ಲೇ ಉಳಿಯಬೇಕು.

ದೋಣಿ ಗೊತ್ತು ಮಾಡುವಾಗ ಮೀನುಗಾರಿಕೆ ದೋಣಿಗೂ ಪ್ರಯಾಣಿಕರ ದೋಣಿಗೂ ಇರುವ ವ್ಯತ್ಯಾಸ ನೋಡಿ. ಎಷ್ಟು ಜನರಿಗೆ ಪರವಾನಗಿ, ವಿಮೆ ಇದೆಯೇ ಎಂದು ಕಾಗದ ತೋರಿಸಲು ಹೇಳಿ. ತೋರಿಸಲು ಮುಖ ತಿರುಗಿಸಿದರೆ ಬೇರೆ ದೋಣಿ ಹುಡುಕಿ. ಲೈಫ್ ಜಾಕೆಟ್ ಜೆಟ್ಟಿಯ ಮೇಲೆಯೇ ತೊಡಬೇಕು. ಬಕ್ಕಲ್ ಹಾಕಿದ ಮೇಲೆ ಮಗನ ಜಾಕೆಟ್‌ನ ಎರಡೂ ಭುಜ ಹಿಡಿದು ಮೇಲಕ್ಕೆತ್ತಿ. ಅದು ಕಿವಿಯ ತನಕ ಜಾರಿ ಬಂದರೆ ಅವನಿಗೆ ದೊಡ್ಡದು, ನೀರಿಗೆ ಬಿದ್ದಾಗ ಕಳಚಿಕೊಳ್ಳುತ್ತದೆ. ‘ಈಜು ಬರುತ್ತದೆ’ ಎಂದು ಬರೆದಿದ್ದೀರಿ. ಹರಿಪುರದಲ್ಲಿ ದಂಡೆ ಕಣ್ಣೆದುರು ಇರುತ್ತದೆ. ಅಲೆಯ ನಡುವೆ ಉಟ್ಟ ಬಟ್ಟೆಯಲ್ಲಿ, ಉಪ್ಪುನೀರು ಕುಡಿಯುತ್ತ, ದಂಡೆ ಯಾವ ದಿಕ್ಕಿಗಿದೆ ಎಂದು ತಿಳಿಯದಿದ್ದಾಗ ಆ ಈಜು ಬಹಳ ಹೊತ್ತು ಕೈ ಹಿಡಿಯುವುದಿಲ್ಲ.

ಇಷ್ಟು ತಯಾರಿಗಿಂತಲೂ ದೊಡ್ಡದು, ರದ್ದು ಮಾಡುವ ಹಕ್ಕು ಯಾರದು ಎಂಬುದು. ಅದನ್ನು ಮಿರಜದಲ್ಲೇ ತೀರ್ಮಾನಿಸಿ. ಘಟ್ಟ ಇಳಿದು, ಮುಂಗಡ ಕೊಟ್ಟು, ಗೆಳೆಯರ ಎದುರು ನಿಂತ ಮೇಲೆ ‘ಬೇಡ’ ಅನ್ನಲು ಗಂಡಸರ ನಾಲಿಗೆ ಏಳುವುದಿಲ್ಲ. ನನ್ನ ಪ್ರಕಾರ ಆ ಹಕ್ಕು ಮೂವರಿಗಿರಲಿ: ತಾಂಡೇಲನಿಗೆ, ನಿಮ್ಮ ಪತ್ನಿಗೆ, ನಿಮ್ಮ ಮಗನಿಗೆ. ಮೂವರಲ್ಲಿ ಯಾರೇ ಬೇಡ ಅಂದರೂ ಅವತ್ತು ದೋಣಿ ಇಲ್ಲ, ಯಾಕೆ ಎಂಬ ಪ್ರಶ್ನೆಯೂ ಇಲ್ಲ. ಮುಂಗಡದ ದುಡ್ಡು ಹೋಯಿತೆಂದೇ ಲೆಕ್ಕ ಬರೆದುಕೊಳ್ಳಿ. ದೋಣಿ ತಪ್ಪಿದರೆ ದಿನ ವ್ಯರ್ಥವಾಗದಿರಲಿ ಎಂದು ಇನ್ನೊಂದು ಏರ್ಪಾಡು ಇಟ್ಟುಕೊಳ್ಳಿ. ಮಾಲವಣದ ಕಡೆ ದಡದಿಂದ ರಾಪಣ ಬಲೆ ಎಳೆಯುತ್ತಾರೆ, ಹಗ್ಗಕ್ಕೆ ಕೈ ಹಚ್ಚಲು ಮಗನಿಗೆ ಹೇಳಿ. ಒಂದು ಗಂಟೆ ಮರಳಿನಲ್ಲಿ ಕಾಲೂರಿ ಎಳೆದರೆ ಮೀನುಗಾರರ ಬದುಕು ಫೋಟೋಗಿಂತ ಚೆನ್ನಾಗಿ ತಿಳಿಯುತ್ತದೆ.

ಪತ್ನಿಯನ್ನೂ ಕರೆಯಿರಿ, ದೋಣಿ ಹತ್ತು ಎಂದು ಒತ್ತಾಯಿಸಬೇಡಿ. ಅವರು ದಡದಲ್ಲಿ ಇರಲಿ, ತಾಂಡೇಲನನ್ನು ಕಣ್ಣಾರೆ ನೋಡಿ ಮಾತನಾಡಿಸಲಿ. ಅಷ್ಟಾದರೂ ಮಗನ ವಿಷಯದಲ್ಲಿ ಒಪ್ಪದಿದ್ದರೆ ನನ್ನ ಉತ್ತರ ನೇರ: ನಿಮ್ಮ ಜೀವದ ಬಗ್ಗೆ ನೀವು ನಿರ್ಧರಿಸಬಹುದು, ಹತ್ತನೆಯ ಮುಗಿಸಿದ ಹುಡುಗನ ಬಗ್ಗೆ ತಾಯಿ–ತಂದೆ ಇಬ್ಬರ ಒಪ್ಪಿಗೆಯೂ ಬೇಕು. ಅವನಿಗೆ ಹಿನ್ನೀರಿನ ದಿನ ಸಾಕು ಎಂದು ಒಪ್ಪಂದಕ್ಕೆ ಬನ್ನಿ. ಮಾತು ಕೊಟ್ಟಿದ್ದೇನೆ ಎಂಬುದನ್ನು ಆಕೆಯ ಮೇಲೆ ಹೇರಬೇಡಿ, ಕೇಳದೆ ಕೊಟ್ಟ ಮಾತು ಅದು.

ಕೊನೆಯದು ಪ್ರವಾಸಕ್ಕೆ ಸಂಬಂಧಿಸಿದ್ದಲ್ಲ. ದೋಣಿಯ ಹೆಸರೆತ್ತಿದರೆ ಇಷ್ಟು ವರ್ಷಗಳ ಮೇಲೂ ಊಟ ಬಿಡುವಷ್ಟು ಸಂಕಟ ಇದ್ದರೆ, ಅದು ಹಟ ಇರಲಾರದು. ಮಹಾಪೂರ ಕಂಡ ಊರುಗಳಲ್ಲಿ ಮಳೆ ಜೋರಾದರೆ ನಿದ್ದೆ ಬಾರದವರು ಅವರೊಬ್ಬರೇ ಅಲ್ಲ. ಅಲ್ಲಿ ಏನು ಕಂಡರು, ಯಾರನ್ನು ಕಳೆದುಕೊಂಡರು ಎಂದು ನೀವು ಒಮ್ಮೆ ಕೂತು ಕೇಳಿದ್ದೀರಾ? ಪತ್ರದಲ್ಲಿ ಅದರ ಸುಳಿವಿಲ್ಲ. ಕೇಳಿ. ಸಂಕಟ ಹಗುರಾಗದಿದ್ದರೆ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಪರವೂರಿನವರು ವೈದ್ಯರನ್ನು ಹುಡುಕಿಕೊಂಡು ಬರುವುದೇ ಮಿರಜಕ್ಕೆ, ನಿಮಗೆ ದೂರವಿಲ್ಲ. ಈ ಕೆಲಸವನ್ನು ದೋಣಿಗೆ ಒಪ್ಪಿಸುವ ಉಪಾಯವೆಂದು ಮಾಡಿದರೆ ಅವರಿಗೆ ಕೂಡಲೇ ಗೊತ್ತಾಗುತ್ತದೆ, ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಈ ಚೈತ್ರದಲ್ಲಿ ಆಗದಿದ್ದರೆ ಗೆಳೆಯರಿಗೆ ಹಾಗೆಂದೇ ಹೇಳಿಬಿಡಿ. ಮಳೆಗಾಲ ಕಳೆದ ಮೇಲೂ ರಾವಸ ಸಿಗುತ್ತದೆ.