ವಿದೇಶಿ ಹಾಲಿನ ಸುಂಕ ಮತ್ತು ನಮ್ಮ ಕೊಟ್ಟಿಗೆ



ಪಟ್ಟದಕಲ್ಲು ಸುತ್ತಿನ ಹಳ್ಳಿಗಳಲ್ಲಿ ಮುಂಜಾನೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರ ಮಾತು ಈಗ ಮಳೆ, ಮೇವು ದಾಟಿ ಅಮೆರಿಕದವರೆಗೂ ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕವು ನಮ್ಮ ದೇಶದ ಅನೇಕ ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹೇರಿದ ಮೇಲೆ ಈ ಮಾತು ಹೆಚ್ಚಾಗಿದೆ. ಹೊರಗಿನ ಹಾಲಿನ ಪುಡಿ ಬಂದರೆ ನಾವು ಉಳಿಯುವುದಿಲ್ಲ ಎನ್ನುವವರಿದ್ದಾರೆ. ಬಂದರೆ ಪೇಟೆಯವರಿಗೆ ಅಗ್ಗವಾಗುತ್ತದೆ, ಬರಲಿ ಎನ್ನುವವರೂ ಇದ್ದಾರೆ. ಯಾವ ಪಕ್ಷ ಸರಿ ಎನ್ನುವುದು ಈ ಲೇಖನದ ವಿಷಯವಲ್ಲ. ಆದರೆ ಈ ವ್ಯಾಪಾರ ಜಗಳದ ಅರ್ಧ ಭಾಗ ಪಶುವೈದ್ಯಕೀಯಕ್ಕೆ ಸೇರಿದ್ದು. ಅದನ್ನು ತಿಳಿದುಕೊಂಡರೆ ನಮ್ಮ ಅಭಿಪ್ರಾಯಕ್ಕೆ ಆಧಾರ ಸಿಗುತ್ತದೆ.

ಸುಂಕ ಹೇಗೆ ಬಂತು?

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಆರಂಭವಾದಾಗ, ಕೆನೆರಹಿತ ಹಾಲಿನ ಪುಡಿಗೆ ಆಮದು ಸುಂಕ ಹಾಕುವುದಿಲ್ಲ ಎಂದು ಭಾರತ ಒಪ್ಪಿಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಅಗ್ಗದ ಪುಡಿ ಬರತೊಡಗಿತು. ಆಗ ಭಾರತ ಮತ್ತೆ ಮಾತುಕತೆ ನಡೆಸಿ ಹೊಸ ವ್ಯವಸ್ಥೆ ಮಾಡಿಕೊಂಡಿತು. ಅದರಂತೆ ವರ್ಷಕ್ಕೆ 10,000 ಟನ್‌ವರೆಗೆ ಶೇ. 15ರ ಸುಂಕ, ಅದನ್ನು ಮೀರಿದರೆ ಶೇ. 60. ಇಂದು ನಮಗೆ ಇರುವ ರಕ್ಷಣೆ ಹೀಗೆ ಬಂದದ್ದು. ಒಂದು ಒಪ್ಪಂದದ ಒಂದು ಸಾಲು ನಮ್ಮ ಹಾಲಿನ ದರವನ್ನು ಮುಟ್ಟುತ್ತದೆ ಎನ್ನಲು ಇದೇ ಉದಾಹರಣೆ.

ಆರ್‌ಸಿಇಪಿ ಎಂಬ ಒಪ್ಪಂದದಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಕೂಡ ಇದ್ದವು. ನ್ಯೂಜಿಲೆಂಡ್ ತನ್ನ ಹಾಲಿನ ಬಹುಪಾಲನ್ನು ರಫ್ತು ಮಾಡುವ ದೇಶ. ಹಾಲು ಒಕ್ಕೂಟಗಳು, ರೈತ ಸಂಘಗಳು ದೇಶದುದ್ದಕ್ಕೂ ವಿರೋಧಿಸಿದವು. 2019ರ ನವೆಂಬರ್ 4ರಂದು ಭಾರತ ಅದರಿಂದ ಹೊರಬಂತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಆದ ಒಪ್ಪಂದದಲ್ಲಿಯೂ ಹಾಲಿನ ಉತ್ಪನ್ನಗಳನ್ನು ಹೊರಗಿಡಲಾಗಿದೆ.

ಜಗಳದ ಮೂಲ: ಹಸು ತಿಂದದ್ದೇನು?

ಅಮೆರಿಕದ ತಕರಾರು ಬರೀ ಸುಂಕದ ಮೇಲೆ ಅಲ್ಲ. ಹಾಲಿನ ಉತ್ಪನ್ನ ಕಳಿಸುವ ದೇಶವು ಒಂದು ಪ್ರಮಾಣಪತ್ರ ಕೊಡಬೇಕೆಂದು ಭಾರತ 2003ರಿಂದ ಕೇಳುತ್ತಿದೆ. ಹಾಲು ಕೊಟ್ಟ ಹಸುವಿಗೆ ಮೆಲುಕು ಹಾಕುವ ಪ್ರಾಣಿಗಳ ರಕ್ತದ ಪುಡಿ, ಒಳ ಅಂಗಾಂಗ, ಮಾಂಸಭಾಗಗಳಿಂದ ಮಾಡಿದ ಆಹಾರವನ್ನು ಎಂದೂ ತಿನ್ನಿಸಿರಬಾರದು ಎಂಬುದೇ ಆ ಪ್ರಮಾಣಪತ್ರ.

ಹಸುವಿಗೆ ಮಾಂಸದ ಪುಡಿಯೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಕಸಾಯಿಖಾನೆಯಲ್ಲಿ ಉಳಿದದ್ದನ್ನು ಒಣಗಿಸಿ ಪ್ರೋಟೀನಿಗಾಗಿ ಪಶು ಆಹಾರದಲ್ಲಿ ಬೆರೆಸುವುದು ಹಲವು ದೇಶಗಳಲ್ಲಿ ರೂಢಿಯಲ್ಲಿತ್ತು. 1986ರಲ್ಲಿ ಬ್ರಿಟನ್ನಿನಲ್ಲಿ ಗುರುತಿಸಿದ ಹುಚ್ಚು ಹಸು ರೋಗ ಹರಡಿದ್ದು ಇಂಥ ಮಾಂಸ-ಎಲುಬಿನ ಪುಡಿಯಿಂದ. 1997ರಲ್ಲಿ ಅಮೆರಿಕ ಇದರಲ್ಲಿ ಹೆಚ್ಚಿನದನ್ನು ನಿಷೇಧಿಸಿದರೂ ರಕ್ತದ ಪುಡಿಗೆ ವಿನಾಯಿತಿ ಕೊಟ್ಟಿತು. ಹಾಗಾಗಿ ಅವರಿಗೆ ನಮ್ಮ ಪ್ರಮಾಣಪತ್ರ ಕೊಡುವುದು ಕಷ್ಟ.

ಅವರ ವಾದವನ್ನೂ ಕೇಳಬೇಕು. ಹುಚ್ಚು ಹಸು ರೋಗ ಹಾಲಿನಿಂದ ಹರಡುವುದಿಲ್ಲ, ಆದ್ದರಿಂದ ಈ ಷರತ್ತಿಗೆ ವಿಜ್ಞಾನದ ಆಧಾರವಿಲ್ಲ ಎನ್ನುತ್ತಾರೆ. ಮೊದಲ ಮಾತು ನಿಜ. ಆದರೆ ನಮ್ಮಲ್ಲಿ ಹಾಲು ನೈವೇದ್ಯಕ್ಕೆ ಹೋಗುತ್ತದೆ, ಸಸ್ಯಾಹಾರಿಗಳ ಊಟವೂ ಹೌದು. ಕುಡಿಯುವವರಿಗೆ ಹಸು ಏನು ತಿಂದಿದೆ ಎಂದು ಕೇಳುವ ಹಕ್ಕಿದೆ ಎಂಬುದು ಭಾರತದ ನಿಲುವು, ನನ್ನದೂ ಅದೇ. ಈ ನಿಲುವಿಗೆ ಬೆಲೆಯನ್ನೂ ತೆತ್ತಿದ್ದೇವೆ. ನಮ್ಮ ಸರಕುಗಳಿಗೆ ಅಮೆರಿಕ ಕೊಡುತ್ತಿದ್ದ ಸುಂಕ ರಿಯಾಯಿತಿಯನ್ನು 2019ರ ಜೂನ್ 5ರಂದು ನಿಲ್ಲಿಸಿತು. ಅದಕ್ಕೆ ಮೊದಲು ದೂರು ಕೊಟ್ಟವರಲ್ಲಿ ಅಲ್ಲಿನ ಹಾಲು ಉತ್ಪಾದಕರ ಸಂಘಟನೆಗಳೂ ಇದ್ದವು.

ಕೋಳಿ ಪ್ರಕರಣದ ಪಾಠ

ಹಕ್ಕಿ ಜ್ವರದ ಕಾರಣ ಕೊಟ್ಟು ಭಾರತ ಅಮೆರಿಕದ ಕೋಳಿ ಉತ್ಪನ್ನಗಳನ್ನು ತಡೆದಿತ್ತು. ಅಮೆರಿಕ 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಯಿತು. 2015ರಲ್ಲಿ ಅಂತಿಮ ತೀರ್ಪು ಭಾರತದ ವಿರುದ್ಧ ಬಂತು. ನಿರ್ಬಂಧವು ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದುವುದಿಲ್ಲ, ರೋಗವಿಲ್ಲದ ಪ್ರದೇಶಗಳನ್ನು ಬೇರೆಯಾಗಿ ಪರಿಗಣಿಸಿಲ್ಲ ಎಂಬುದು ಅಲ್ಲಿನ ಆಕ್ಷೇಪ. ಅಂದರೆ ಹೊರಗಿನವರಿಗೆ ಹಾಕುವ ನಿಯಮಕ್ಕೆ ಗಟ್ಟಿ ಆಧಾರ ಬೇಕು, ಅದನ್ನು ನಾವೂ ಪಾಲಿಸಬೇಕು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ ಹಾಲು ಕೊಡುವ ಜಾನುವಾರಿಗೆ ರಕ್ತದ ಪುಡಿ, ಮಾಂಸ-ಎಲುಬಿನ ಪುಡಿ ಇರುವ ಆಹಾರ ಹಾಕುವುದನ್ನು ನಿಷೇಧಿಸಿದೆ.

ಸರ್ಕಾರದ ಖರ್ಚು

ರಾಜ್ಯ ಸರ್ಕಾರ ಲೀಟರ್‌ಗೆ ₹5 ಪ್ರೋತ್ಸಾಹಧನ ಕೊಡುತ್ತದೆ. ದಿನಕ್ಕೆ 8 ಲೀಟರ್ ಹಾಕುವ ಮನೆಗೆ ಅದು ತಿಂಗಳಿಗೆ ₹1,200. ಇದು ದಂಡದ ಖರ್ಚು ಎನ್ನುವವರು, ಎರಡು ಎಮ್ಮೆ ಕಟ್ಟಿಕೊಂಡ ಮನೆಗೆ ಆ ಹಣ ಒಂದು ಚೀಲ ಹಿಂಡಿಗೆ ಆಸರೆ ಎಂಬುದನ್ನು ನೆನಪಿಡಬೇಕು. ಆದರೆ ಒಂದು ಬೆಳೆ ಅಥವಾ ಉತ್ಪನ್ನಕ್ಕೆ ನೇರವಾಗಿ ಕೊಡುವ ಇಂಥ ಬೆಂಬಲಕ್ಕೆ ವಿಶ್ವ ವ್ಯಾಪಾರ ನಿಯಮಗಳಲ್ಲಿ ಮಿತಿ ಇದೆ. ರೋಗ ನಿಯಂತ್ರಣ, ತಪಾಸಣೆ, ರೈತರಿಗೆ ತರಬೇತಿ ಇವುಗಳಿಗೆ ಮಿತಿ ಇಲ್ಲ. ಎಷ್ಟು ಖರ್ಚು ಮಾಡಿದರೂ ತಕರಾರು ತೆಗೆಯುವಂತಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಇಂಥದ್ದು. ಕಾಲುಬಾಯಿ ರೋಗ, ಕಂದು ರೋಗಗಳಿಗೆ ಐದು ವರ್ಷಕ್ಕೆ ₹13,343 ಕೋಟಿ ಇಡಲಾಯಿತು. ಅಮೆರಿಕದಲ್ಲಿ 1929ರ ನಂತರ ಕಾಲುಬಾಯಿ ರೋಗ ಬಂದಿಲ್ಲ. ನ್ಯೂಜಿಲೆಂಡಿಗೆ ಅದು ಎಂದೂ ಬಂದಿಲ್ಲ. ಜಗತ್ತಿನ ಹಾಲಿನಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದ್ದೇ ಆದರೂ, ಈ ರೋಗ ಇರುವವರೆಗೆ ನಮಗೆ ಹೊರಗಿನ ಒಳ್ಳೆಯ ಮಾರುಕಟ್ಟೆಗಳು ತೆರೆಯುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಸುಂಕವೂ ಇರಬೇಕು, ₹5 ಕೂಡ ಇರಬೇಕು. ಆದರೆ ಸರ್ಕಾರ ಬದಲಾದರೆ, ಒಪ್ಪಂದ ಬದಲಾದರೆ ಇವೆರಡೂ ಬದಲಾಗಬಹುದು. ರೋಗವಿಲ್ಲದ ದನ, ಶುದ್ಧ ಹಾಲು ಮಾತ್ರ ಯಾವ ಒಪ್ಪಂದ ಬಂದರೂ ನಮ್ಮ ಕೈ ಬಿಡುವುದಿಲ್ಲ.

ನಾವು ಮಾಡಬೇಕಾದದ್ದು

1. ಆರು ತಿಂಗಳಿಗೊಮ್ಮೆ ಬರುವ ಕಾಲುಬಾಯಿ ಲಸಿಕೆಯನ್ನು ತಪ್ಪಿಸಬೇಡಿ. ಹಾಲು ಎರಡು ದಿನ ಸ್ವಲ್ಪ ಕಡಿಮೆಯಾಗಬಹುದು; ರೋಗ ಬಂದರೆ ಇಡೀ ಸೂಲಿನ ಹಾಲೇ ಹೋಗಬಹುದು.

2. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಹಾಕಿಸಿ. ಇದು ಗರ್ಭಪಾತ ಮಾಡಿಸುವ ರೋಗ, ಮನುಷ್ಯರಿಗೂ ಹರಡುತ್ತದೆ.

3. ಕಿವಿಯ 12 ಅಂಕಿಯ ಬಿಲ್ಲೆಯನ್ನು ಕೀಳಬೇಡಿ. ಲಸಿಕೆಯ ದಾಖಲೆ ಅದಕ್ಕೇ ಸೇರಿದೆ.

4. ಕೆಚ್ಚಲುಬಾವಿಗೆ ಔಷಧ ಕೊಟ್ಟಾಗ, ವೈದ್ಯರು ಹೇಳಿದಷ್ಟು ದಿನ ಆ ದನದ ಹಾಲನ್ನು ಡೇರಿಗೆ ಹಾಕಬೇಡಿ. ಒಬ್ಬರ ಹಾಲು ಎಲ್ಲರ ಹಾಲಿನಲ್ಲಿ ಬೆರೆಯುತ್ತದೆ.

5. ಬೂಸಲು ಹಿಡಿದ ಹಿಂಡಿ, ಗೋವಿನಜೋಳ, ಮೇವನ್ನು ತಿನ್ನಿಸಬೇಡಿ. ಅದರ ವಿಷ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ.

6. ಪಶು ಆಹಾರದ ಚೀಲದ ಮೇಲಿನ ಚೀಟಿ ಓದಿ. ಯಾವ ಪದಾರ್ಥದಿಂದ ಮಾಡಿದ್ದು ಎಂದು ತಿಳಿಸದ ಚೀಲವನ್ನು ಕೊಳ್ಳಬೇಡಿ.

ಹೊರಗಿನ ಹಸು ಏನು ತಿಂದಿದೆ ಎಂದು ದೆಹಲಿಯಲ್ಲಿ ನಮ್ಮ ಪರವಾಗಿ ಕೇಳುತ್ತಿದ್ದಾರೆ. ನಮ್ಮ ದನ ಏನು ತಿಂದಿದೆ, ಯಾವ ಲಸಿಕೆ ಪಡೆದಿದೆ ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ನಮ್ಮಲ್ಲಿರಬೇಕು. ಲಸಿಕೆ ಆಗದ ದನಗಳಿದ್ದರೆ ಇಂದೇ ನಿಮ್ಮ ಸಂಘದ ಕಾರ್ಯದರ್ಶಿಯವರ ಬಳಿ ಹೆಸರು ಬರೆಸಿ.